ಇವತ್ತು ಎಷ್ಟು ಕ್ಯೂಸೆಕ್ಸು?

ಅಮೆರಿಕದ ಜಾಕ್ಸನ್ ಅನ್ನೋ ಊರಲ್ಲಿ, ಸ್ನೇಕ್ ನದಿ ರಾಫ್ಟಿಂಗ್ ಆಫೀಸಲ್ಲಿ ಅಪ್ಪ ಕೇಳಿದ ಮೊದಲನೇ ಪ್ರಶ್ನೆನೇ ಇದು. ನಾವೆಲ್ಲ ಲೈಫ್ ಜಾಕೆಟ್ ಸೈಜು, ವೆಟ್‌ಸೂಟ್ ಬೇಕಾ ಬೇಡ್ವಾ, ಬಸ್ಸು ಎಷ್ಟೊತ್ತಿಗೆ ಹೊರಡತ್ತೆ ಅಂತ ವಿಚಾರಿಸ್ತಾ ಇದ್ರೆ, ಅಪ್ಪ ಕೌಂಟರ್ ಮೇಲೆ ಎರಡೂ ಕೈ ಊರ್ಕೊಂಡು ನನ್ನ ಕಡೆ ತಿರುಗಿ "ಹೊಳೆಲಿ ನೀರು ಎಷ್ಟಿದೆ ಕೇಳಮ್ಮ, ಎಷ್ಟು ಕ್ಯೂಸೆಕ್ಸು?" ಅಂದ್ರು. ಕೇಳಿದೆ. ಕೌಂಟರ್‌ನಲ್ಲಿದ್ದ ಹುಡುಗಿ "ನೈನ್ ಥೌಸಂಡ್ ಟೂ ಹಂಡ್ರೆಡ್ ಸಿಎಫ್‌ಎಸ್" ಅಂದ್ಲು. ನಾನು ಇದನ್ನ ಹೇಗೆ ಹೇಳೋದು ಅಂತ ಯೋಚನೆ ಮಾಡೋ ಅಷ್ಟರಲ್ಲಿ ಅಪ್ಪನಿಗೆ ಅರ್ಥ ಆಗಿಹೋಗಿತ್ತು. ಸೆಕೆಂಡಿಗೆ ಇಷ್ಟು ಘನ ಅಡಿ, ಅದೇ ತಾನೇ ಕ್ಯೂಸೆಕ್ಸು ಅಂದ್ರೆ. ಮಳೆಗಾಲ ಪೂರ್ತಿ ಪೇಪರ್ ತೆಗೆದ ತಕ್ಷಣ ಅಣೆಕಟ್ಟುಗಳ ಒಳಹರಿವು ಹೊರಹರಿವು ನೋಡೋ ಮನುಷ್ಯ ಅವರು. "ಒಂಬತ್ತು ಸಾವಿರದ ಇನ್ನೂರು" ಅಂತ ಒಂದ್ಸಲ ತಮಗೆ ತಾವೇ ಹೇಳ್ಕೊಂಡು, "ಕಣಿವೆ ಕಿರಿದಾಗಿದ್ರೆ ಜೋರಾಗೇ ಇರತ್ತೆ, ಹುಷಾರು" ಅಂದ್ರು.

ಆಮೇಲೆ ರಾತ್ರಿ ನಾನು ಲೆಕ್ಕ ಹಾಕಿ ನೋಡಿದೆ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28.3 ಲೀಟರ್, ಅಂದ್ರೆ ನಾವು ಮಾರನೇ ದಿನ ಇಳಿಯೋ ಜಾಗದಲ್ಲಿ ಪ್ರತಿ ಸೆಕೆಂಡಿಗೆ ಎರಡೂವರೆ ಲಕ್ಷ ಲೀಟರಿಗಿಂತ ಹೆಚ್ಚು ನೀರು ಹೋಗ್ತಾ ಇತ್ತು. ಆ ನಂಬರ್ ನೋಡಿದ್ಮೇಲೆ ನಿದ್ದೆ ಸರಿಯಾಗಿ ಬರ್ಲಿಲ್ಲ.

ಟ್ರಿಪ್ಪಿನ ವಿಷಯ ಮೊದಲು ಹೇಳ್ಬಿಡ್ತೀನಿ. ಜುಲೈ ಮಧ್ಯದಲ್ಲಿ ಸಾಲ್ಟ್ ಲೇಕ್ ಸಿಟಿಯಿಂದ ಎರಡು ಆರ್‌ವಿ (ಒಳಗೇ ಅಡಿಗೆಮನೆ, ಹಾಸಿಗೆ ಇರೋ ದೊಡ್ಡ ಗಾಡಿ) ಬಾಡಿಗೆಗೆ ತಗೊಂಡು ಗ್ರ್ಯಾಂಡ್ ಟೀಟನ್, ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್ ಅಂತ ಹತ್ತು ದಿನದ ಪ್ಲಾನು. ಒಂದರಲ್ಲಿ ನಾವು ಏಳು ಜನ, ಅಪ್ಪ ಅಮ್ಮ, ಅಕ್ಕ ಭಾವ, ಅವರ ಹದಿನೈದು ವರ್ಷದ ಮಗಳು, ನಾನು, ಇವರು. ಇನ್ನೊಂದರಲ್ಲಿ ನಮ್ಮ ಫ್ರೆಂಡ್ಸ್ ಫ್ಯಾಮಿಲಿ, ಗಂಡ ಹೆಂಡತಿ, ಹದಿಮೂರರ ಮಗ, ಐದು ವರ್ಷದ ಮಗಳು ಪುಟ್ಟಿ. ಅಪ್ಪ ಅಮ್ಮ ಈ ದೇಶಕ್ಕೆ ಬಂದಿದ್ದು ಇದು ಎರಡನೇ ಸಲ, ಹೋದ ಸಲ ಮನೇಲೇ ಕೂತು ಬೇಜಾರಾಗಿತ್ತು ಅಂತ ಈ ಸಲ ಮನೇನೇ ಚಕ್ರದ ಮೇಲೆ ಇಟ್ಕೊಂಡು ಹೋಗೋಣ ಅಂತ ಅಕ್ಕನ ಐಡಿಯಾ. ಅಮ್ಮನಿಗಂತೂ ಬಹಳ ಇಷ್ಟ ಆಯ್ತು, ಬೇಕು ಅಂದಾಗ ಸ್ಟವ್ ಹಚ್ಚಿ ಕಾಫಿ ಮಾಡ್ಕೋಬಹುದು, ಬಾತ್‌ರೂಮ್ ಹುಡುಕ್ಕೊಂಡು ಹೋಗೋ ಹಾಗಿಲ್ಲ, ಮಧ್ಯಾಹ್ನ ಕಾಲು ನೋವು ಬಂದ್ರೆ ಅಲ್ಲೇ ಮಲಗಬಹುದು. ವಯಸ್ಸಾದವರನ್ನ ಕರ್ಕೊಂಡು ದೂರ ಹೋಗೋರಿಗೆ ನಾನು ಆರ್‌ವಿನೇ ಹೇಳ್ತೀನಿ. ಸ್ನಾನ ಪಾತ್ರೆಯ ಕೊಳೆನೀರಿನ ಗ್ರೇ ಟ್ಯಾಂಕು, ಕಕ್ಕಸಿನ ಬ್ಲ್ಯಾಕ್ ಟ್ಯಾಂಕು ಖಾಲಿ ಮಾಡೋದು, ಪ್ರತಿ ಕ್ಯಾಂಪಲ್ಲೂ ಗಾಡಿ ಸಮ ನಿಲ್ಲಕ್ಕೆ ಚಕ್ರದ ಕೆಳಗೆ ಬ್ಲಾಕ್ ಇಡೋದು, ಹೊರಡೋ ಮುಂಚೆ ಎಲ್ಲ ಕಪಾಟಿನ ಚಿಲಕ ಹಾಕಿದ್ಯಾ ನೋಡೋದು, ಈ ಕೆಲಸ ಎರಡು ದಿನದಲ್ಲಿ ಅಭ್ಯಾಸ ಆಗತ್ತೆ.

ಜಾಕ್ಸನ್‌ಗೆ ನಾವು ಹೈವೇ 89 ಹಿಡ್ಕೊಂಡು ಬಂದ್ವಿ, ಲೋಗನ್, ಬೇರ್ ಲೇಕ್, ಆಮೇಲೆ ಆಫ್ಟನ್ ಅನ್ನೋ ಊರು. ಆಫ್ಟನ್ ಊರಿನ ಮೇನ್ ರೋಡಿನ ಮೇಲೆ ಎಲ್ಕ್ ಅನ್ನೋ ಕಡವೆ ಜಾತಿಯ ಪ್ರಾಣಿಯ ಮೂರು ಸಾವಿರಕ್ಕಿಂತ ಹೆಚ್ಚು ಕೊಂಬು ಸೇರಿಸಿ ಕಟ್ಟಿದ ಕಮಾನಿದೆ, ಅದರ ಕೆಳಗೇ ಗಾಡಿ ಹೋಗತ್ತೆ. ಐಡಾಹೋ ರಾಜ್ಯದ ಕಡೆಯಿಂದ ಬರೋರು ಟೀಟನ್ ಪಾಸ್ ಅನ್ನೋ ಘಟ್ಟ ಹತ್ತಿ ಬರ್ತಾರೆ, ಅದು 10 ಪರ್ಸೆಂಟ್ ಇಳಿಜಾರು, ದೊಡ್ಡ ಆರ್‌ವಿ ಇದ್ರೆ ದಯವಿಟ್ಟು ಅದನ್ನ ಬಿಟ್ಟು ಆಲ್ಪೈನ್ ಮೇಲೆ ಸುತ್ತಿ ಬನ್ನಿ. ಸ್ವಲ್ಪ ದೂರ ಆಗತ್ತೆ ನಿಜ, ಆದ್ರೆ ಆಲ್ಪೈನ್‌ನಿಂದ ಹೋಬ್ಯಾಕ್ ಜಂಕ್ಷನ್ ತನಕ ರಸ್ತೆ ಸ್ನೇಕ್ ನದಿ ಕಣಿವೆ ಜೊತೆಜೊತೆಗೇ ಹೋಗತ್ತೆ, ಆ ನೋಟ ಪಾಸ್ ದಾರಿಲಿ ಸಿಗಲ್ಲ.

ಆ ದಾರಿಲೇ ಅಪ್ಪ ಮೊದಲ ಸಲ ಆ ಹೊಳೆ ನೋಡಿದ್ದು. ಮುಂದಿನ ಸೀಟಲ್ಲಿ ಕೂತಿದ್ರು, ಭಾವ ಡ್ರೈವಿಂಗು. ಅಲ್ಲಿ ತನಕ ಗುಡ್ಡ, ಹುಲ್ಲು, ಕುದುರೆ ಎಲ್ಲ ನೋಡ್ತಾ ಮಾತಾಡ್ತಿದ್ದವರು ಹೊಳೆ ಕಂಡ ತಕ್ಷಣ ಸುಮ್ಮನಾದ್ರು. ಅಪ್ಪ ಹೊಳೆ ದಂಡೆಲೇ ಹುಟ್ಟಿ ಬೆಳೆದವರು, ಸೇತುವೆ ಇಲ್ಲದ ಕಾಲದಲ್ಲಿ ಹರಿಗೋಲಲ್ಲಿ ದಾಟಿ ಹೈಸ್ಕೂಲಿಗೆ ಹೋದವರು. ಅಂಬಿಗ ರಜ ಹಾಕಿದ ದಿನ ಅಪ್ಪನೇ ಹುಟ್ಟು ಹಾಕ್ತಿದ್ರಂತೆ. ಈ ವಿಷಯ ಎಲ್ಲ ನಾವು ಚಿಕ್ಕವರಿದ್ದಾಗ ಕೇಳಿದ್ದೇ, ಕಥೆ ಥರ. ಆವತ್ತು ಮಾತ್ರ ಕಥೆ ಆಗಿರ್ಲಿಲ್ಲ. "ಅಲ್ಲಿ ನೋಡು, ನೀರು ನುಣ್ಣಗೆ ಕಪ್ಪಗಿದೆಯಲ್ಲ, ಅದು ಮಡು. ಅಲ್ಲಿ ಬೆಳ್ಳಗೆ ನೊರೆ, ಕೆಳಗೆ ಬಂಡೆ ಇದೆ. ಬಂಡೆ ಹಿಂದೆ ನೋಡು, ನೀರು ವಾಪಸ್ ಮೇಲಕ್ಕೆ ಬರ್ತಿದೆ, ಅಲ್ಲಿ ದೋಣಿ ನಿಲ್ಲಿಸ್ಕೋಬಹುದು" ಅಂತ ಒಂದೊಂದೇ ತೋರಿಸ್ತಾ ಹೋದ್ರು. ಅಕ್ಕ ಸೀಟ್ ಬೆಲ್ಟ್ ಹಾಕ್ಕೊಂಡೇ ಮುಂದೆ ಬಗ್ಗಿ ಕೇಳ್ತಾ ಇದ್ಲು. ಅಕ್ಕನಿಗೆ ಈಜು ಬರಲ್ಲ. "ಅಪ್ಪಾ, ಬಿದ್ರೆ ಏನ್ ಮಾಡ್ಬೇಕು?" ಅಂತ ಕೇಳಿದ್ಲು. ಅಪ್ಪ ತಿರುಗಿ ಅವಳ ಮುಖ ನೋಡಿ ಹೇಳಿದ್ರು, "ಏನೇ ಆದ್ರೂ ನಿಲ್ಲಕ್ಕೆ ಹೋಗ್ಬೇಡ. ಹರಿಯೋ ನೀರಲ್ಲಿ ಕಾಲು ಕೆಳಗೆ ಬಿಟ್ರೆ ಕಲ್ಲು ಕಾಲು ಹಿಡ್ಕೊಳ್ಳತ್ತೆ." ಇವರು ಹಿಂದೆ ಬೆಡ್ ಮೇಲೆ ನಿದ್ದೆ ಮಾಡ್ತಿದ್ರು, ಕೇಳಿಸ್ಕೊಳ್ಳಲಿಲ್ಲ.

ಅಪ್ಪನಿಗೂ ರಾಫ್ಟ್ ಹತ್ತಬೇಕು ಅಂತ ಆಸೆ ಇತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ಆಫೀಸಲ್ಲಿ ಕೊಟ್ಟ ಫಾರಂನಲ್ಲಿ ಹೃದಯದ ತೊಂದರೆ, ಇತ್ತೀಚಿನ ಆಪರೇಷನ್, ಬೆನ್ನು ನೋವು, ಎಲ್ಲ ಬರೀಬೇಕು. ಅಪ್ಪನಿಗೆ ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದೆ, ಈಗ 71. ಅದನ್ನ ಬರೀದೇ ಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಫ್ರೆಂಡ್ ಹಾಗೇ ಅಂದ್ರು ಕೂಡ, "ಇಷ್ಟು ಗಟ್ಟಿಮುಟ್ಟಾಗಿದಾರೆ ಅಂಕಲ್, ಏನಾಗತ್ತೆ" ಅಂತ. ಆದ್ರೆ ಬೆಟ್ಟದ ಹಿಮ ಕರಗಿ ಬರೋ ನೀರದು, ಬೇಸಿಗೆಲೂ ಕೊರೆಯತ್ತೆ. ಅಷ್ಟು ತಣ್ಣೀರಿಗೆ ಇದ್ದಕ್ಕಿದ್ದ ಹಾಗೆ ಬಿದ್ರೆ ಉಸಿರು ಸಿಕ್ಕಿಹಾಕ್ಕೊಳ್ಳತ್ತೆ, ಎದೆ ಬಡಿತ ಒಂದೇ ಸಲ ಏರತ್ತೆ, ಆರೋಗ್ಯವಾಗಿರೋರಿಗೇ ಮೊದಲ ಒಂದು ನಿಮಿಷ ಕಷ್ಟ. ಅಪ್ಪನೇ ಪೆನ್ನು ತಗೊಂಡು ಸ್ಟೆಂಟ್ ವಿಷಯ ಬರೆದ್ರು. ಆಫೀಸಿನವರು ನಯವಾಗೇ ಬೇಡ ಅಂದ್ರು, ನಾಡಿದ್ದು ನ್ಯಾಷನಲ್ ಪಾರ್ಕ್ ಒಳಗೆ ಸಮತಟ್ಟಾದ ನೀರಲ್ಲಿ ಫ್ಲೋಟ್ ಟ್ರಿಪ್ ಇದೆ, ಅದಕ್ಕೆ ಬನ್ನಿ ಅಂದ್ರು. ಫಾರಂ ತುಂಬೋವಾಗ ಸುಳ್ಳು ಬರೀಬೇಡಿ, ಮುಚ್ಚಿಡಬೇಡಿ. ಆ ಫಾರಂ ಕಂಪನಿಯ ರಕ್ಷಣೆಗೆ ಮಾತ್ರ ಅಲ್ಲ.

ಭಾವ ತಾವಾಗೇ ಹೇಳಿದ್ರು, "ನೀವೆಲ್ಲ ಹೋಗಿ, ನಾನು ಮಾವ ಅತ್ತೆ ಪುಟ್ಟಿನ ಕರ್ಕೊಂಡು ಆರ್‌ವಿಲಿ ಹೈವೇ ಮೇಲಿಂದ ಬರ್ತೀನಿ" ಅಂತ. ಕಣಿವೆಲಿ ದೊಡ್ಡ ರ‍್ಯಾಪಿಡ್‌ಗಳ (ಬಂಡೆ ಮಧ್ಯೆ ನೀರು ನೊರೆಯೆದ್ದು ಜೋರಾಗಿ ಇಳಿಯೋ ಜಾಗಗಳ) ಮೇಲ್ಗಡೆ ರಸ್ತೆ ಪಕ್ಕ ಗಾಡಿ ನಿಲ್ಲಿಸೋ ಜಾಗ ಇದೆ, ಅಲ್ಲಿಂದ ಕಾಲುದಾರಿಲಿ ಇಳಿದ್ರೆ ಬಂಡೆ ಮೇಲೆ ನಿಂತು ಬೋಟುಗಳು ಬರೋದನ್ನ ನೋಡಬಹುದು. ಹತ್ತಿರ ಹತ್ತಿರ ಎಷ್ಟು ಗಂಟೆಗೆ ಅಲ್ಲಿಗೆ ಬರ್ತೀವಿ ಅಂತ ಆಫೀಸಲ್ಲೇ ಕೇಳಿ ಬರ್ಕೊಂಡ್ರು.

ಬೆಳಿಗ್ಗೆ ಬಸ್ಸು. ನಾವು ಏಳು ಜನ ಒಂದೇ ಬೋಟು, ಎಂಟು ಜನ ಹಿಡಿಸೋ ಚಿಕ್ಕದು. ಇನ್ನೂ ದೊಡ್ಡ ಬೋಟೂ ಇರತ್ತೆ, ಹನ್ನೆರಡು ಹದಿನಾಲ್ಕು ಜನ ಕೂರೋದು, ಅದು ಕಮ್ಮಿ ಅಲ್ಲಾಡತ್ತೆ, ಮಕ್ಕಳಿರೋರಿಗೆ ಅದೇ ಒಳ್ಳೇದು. ನಮ್ಮ ಗೈಡ್ ಇಪ್ಪತ್ತೈದರ ಆಸುಪಾಸಿನ ಹುಡುಗಿ, ತೋಳು ನೋಡಿದ್ರೇ ಗೊತ್ತಾಗತ್ತೆ ದಿನಾ ಇದೇ ಕೆಲಸ ಅಂತ. ಬಸ್ಸಲ್ಲಿ ಅವಳು ಹೊಳೆ ಕಥೆ ಹೇಳಿದ್ಲು. 1811ರಲ್ಲಿ ತುಪ್ಪಳದ ವ್ಯಾಪಾರಕ್ಕೆ ಅಂತ ವಿಲ್ಸನ್ ಪ್ರೈಸ್ ಹಂಟ್ ಅನ್ನೋರ ತಂಡ ಇಲ್ಲಿಗೆ ಬಂದಿತ್ತು, ದೋಣಿ ಕಟ್ಕೊಂಡು ಇದೇ ಹೊಳೆಲಿ ಪೆಸಿಫಿಕ್ ಸಮುದ್ರದ ಕಡೆ ಹೋಗಬಹುದು ಅಂತ ಅವರ ಆಸೆ, ಈ ಕಣಿವೆ ನೋಡಿ ಸಾಧ್ಯ ಇಲ್ಲ ಅಂತ ಬಿಟ್ಟು ಗುಡ್ಡ ದಾಟಿ ಆ ಕಡೆ ಹೋದ್ರು. ಇದಕ್ಕೆ ಅವರು ಇಟ್ಟ ಹೆಸರು ಮ್ಯಾಡ್ ರಿವರ್, ಹುಚ್ಚು ಹೊಳೆ. ಆಮೇಲೆ ಐಡಾಹೋದಲ್ಲಿ ದೋಣಿ ಹತ್ತಿದ್ರು, ಕೆಳಗೆ ಅದೇ ಸ್ನೇಕ್ ನದಿಲೇ ದೋಣಿ ಬಂಡೆಗೆ ಬಡಿದು ಒಬ್ಬ ಕೊಚ್ಚಿಕೊಂಡು ಹೋದ. ಈಗ ಅದೇ ಕಣಿವೆಲಿ ಬೇಸಿಗೆ ಪೂರ್ತಿ ಮಕ್ಕಳು ಮರಿ ಹೋಗ್ತಾರೆ, ರಬ್ಬರ್ ಬೋಟು, ಲೈಫ್ ಜಾಕೆಟ್ಟು, ಜೊತೆಗೆ ದಿನಾ ಹೋಗಿ ಹೋಗಿ ಕಲ್ಲು ಕಲ್ಲೂ ಗೊತ್ತಿರೋ ಗೈಡು.

ವೆಸ್ಟ್ ಟೇಬಲ್ ಅನ್ನೋ ಜಾಗದಲ್ಲಿ ಬೋಟ್ ಇಳಿಸ್ತಾರೆ, ಅಲ್ಲಿಂದ ಶೀಪ್ ಗಲ್ಚ್ ತನಕ 8 ಮೈಲಿ, ಸುಮಾರು 13 ಕಿಲೋಮೀಟರ್. ಇಳಿಸೋ ಮುಂಚೆ ದಂಡೆ ಮೇಲೆ ನಿಲ್ಲಿಸಿ ಒಂದು ಹತ್ತು ನಿಮಿಷ ಹೇಳ್ಕೊಡ್ತಾರೆ. ಈ ಹತ್ತು ನಿಮಿಷದ ಬಗ್ಗೆ ಬರೀಬೇಕು ಅಂತಲೇ ನಾನು ಇಷ್ಟೆಲ್ಲ ಬರೀತಿರೋದು.

ಅವಳು ಹೇಳಿದ್ದು ಹೀಗೆ. ಹುಟ್ಟಿನ ಮೇಲ್ತುದೀಲಿ ಟಿ ಆಕಾರದ ಹಿಡಿ ಇದೆ, ಅದರ ಮೇಲಿಂದ ಕೈ ಯಾವತ್ತೂ ತೆಗೀಬಾರ್ದು, ಬಿಟ್ರೆ ಅದು ಹಾರಿ ಪಕ್ಕದವರ ಹಲ್ಲಿಗೆ ಬಡಿಯತ್ತೆ. ಪಾದ ಮುಂದಿನ ಟ್ಯೂಬ್ ಕೆಳಗೆ ಸಿಕ್ಕಿಸ್ಕೊಂಡು ಕೂರಬೇಕು. ಫಾರ್ವರ್ಡ್ ಅಂದ್ರೆ ಎಲ್ಲರೂ ಒಟ್ಟಿಗೆ ಮುಂದಕ್ಕೆ, ಮುಂದೆ ಕೂತವರ ತಾಳಕ್ಕೆ ಸರಿಯಾಗಿ. ಬ್ಯಾಕ್ ಅಂದ್ರೆ ಹಿಂದಕ್ಕೆ. ಹೈ ಸೈಡ್ ಅಂದ್ರೆ ಬೋಟಿನ ಯಾವ ಕಡೆ ಮೇಲೆದ್ದಿದೆಯೋ ಆ ಕಡೆಗೆ ಎಲ್ಲರೂ ಮೈ ಎಸೀಬೇಕು, ಹೆದರಿ ಕೆಳಗಿರೋ ಕಡೆಗೆ ಜರುಗಿದ್ರೆ ಬೋಟು ಮಗುಚತ್ತೆ. ಬಿದ್ರೆ ಏನ್ ಮಾಡ್ಬೇಕು ಅನ್ನೋದನ್ನ ಮಾತ್ರ ಅವಳು ನೆಲದ ಮೇಲೆ ಮಲಗಿ ತೋರಿಸಿದ್ಲು, ಜಲ್ಲಿ ಕಲ್ಲಿನ ಮೇಲೆ ಅಂಗಾತ ಮಲಗಿ, ಕಾಲು ನೀರು ಹೋಗೋ ದಿಕ್ಕಿಗೆ, ಎರಡೂ ಪಾದ ಮೇಲೆ. "ನಿಮ್ಮ ಕಾಲ್ಬೆರಳು ನಿಮಗೆ ಕಾಣ್ತಾ ಇರಬೇಕು. ಕಾಣ್ತಿಲ್ಲ ಅಂದ್ರೆ ತಪ್ಪಾಗಿ ಮಲಗಿದೀರ ಅಂತ ಅರ್ಥ. ನಿಲ್ಲಬೇಡಿ. ಮೊಣಕಾಲುದ್ದ ನೀರಿದ್ರೂ ನಿಲ್ಲಬೇಡಿ." ಯಾಕೆ ಅಂತಾನೂ ಹೇಳಿದ್ಲು. ಎರಡು ಕಲ್ಲಿನ ಸಂದೀಲಿ ಪಾದ ಸಿಕ್ಕಿಕೊಂಡ್ರೆ ಹಿಂದಿನಿಂದ ನೀರು ತಳ್ತಾನೇ ಇರತ್ತೆ, ಮನುಷ್ಯ ಮುಂದಕ್ಕೆ ಬಗ್ಗಿಹೋಗ್ತಾನೆ, ಮುಖ ನೀರೊಳಗೆ ಹೋಗತ್ತೆ, ಅಷ್ಟು ಒತ್ತಡದಲ್ಲಿ ವಾಪಸ್ ಏಳಕ್ಕೆ ಆಗಲ್ಲ.

ಅಕ್ಕ ನನ್ನ ಮುಖ ನೋಡಿದ್ಲು. ಅಪ್ಪ ಹೇಳಿದ್ದೇ ಮಾತು. ಕಲ್ಲು ಕಾಲು ಹಿಡ್ಕೊಳ್ಳತ್ತೆ.

ಅಕ್ಕ ಆ ಹತ್ತು ನಿಮಿಷ ಹೇಗೆ ಕೇಳಿಸ್ಕೊಂಡ್ಲು ಅಂದ್ರೆ, ಪರೀಕ್ಷೆಗೆ ಹೋಗೋ ಮಗು ಹಾಗೆ. ಬಳೆ ಎಲ್ಲ ಹಿಂದಿನ ರಾತ್ರಿನೇ ತೆಗೆದು ಆರ್‌ವಿ ಡ್ರಾನಲ್ಲಿ ಇಟ್ಟಿದ್ಲು, ತಾಳಿ ಸರ ವೆಟ್‌ಸೂಟ್ ಒಳಗೆ. ಜಾಕೆಟ್ಟಿನ ಒಂದೊಂದು ಬಕಲ್ಲೂ ಎಳೆದು ನೋಡಿಸ್ಕೊಂಡ್ಲು, "ಇನ್ನೂ ಟೈಟ್ ಮಾಡಿ" ಅಂತ ಕೇಳಿದ್ಲು. ಇವರು ಮಾತ್ರ ಫ್ರೆಂಡ್ ಜೊತೆ ಯಾರು ಮುಂದೆ ಕೂರೋದು ಅಂತ ಮಾತಾಡ್ತಾ ಇದ್ರು. ಇವರು ವಾರಕ್ಕೆ ಮೂರು ದಿನ ಪೂಲ್‌ಗೆ ಹೋಗೋರು, ಒಂದೇ ಸಮ ನಲವತ್ತು ಲ್ಯಾಪ್ ಈಜ್ತಾರೆ. ನನಗೂ ಇವರ ಬಗ್ಗೆ ಚಿಂತೆ ಇರಲಿಲ್ಲ, ನನ್ನ ಕಣ್ಣೆಲ್ಲ ಅಕ್ಕನ ಮೇಲೇ ಇತ್ತು.

ಮೊದಲ ಮುಕ್ಕಾಲು ಗಂಟೆ ನಿಜವಾಗ್ಲೂ ಸಂತೋಷ. ಚಿಕ್ಕ ಚಿಕ್ಕ ಅಲೆ, ಮಧ್ಯೆ ಮಧ್ಯೆ ಹಸಿರು ಬಣ್ಣದ ಆಳ ನೀರು, ಎರಡೂ ಕಡೆ ಪೈನ್ ಮರ, ಮೇಲೆ ಎಲ್ಲೋ ಹೈವೇ ಸದ್ದು. ಗೈಡ್ ಹೇಳೋದು ಕೇಳ್ತಾ ಕೇಳ್ತಾ ನನಗೆ ಒಂದೊಂದೇ ಹೊಂದಿಕೆ ಆಗ್ತಾ ಹೋಯ್ತು. ಅವಳು ಎಡ್ಡಿ ಅಂತ ತೋರಿಸಿದ್ದು ಅಪ್ಪ ದೋಣಿ ನಿಲ್ಲಿಸ್ಕೋಬಹುದು ಅಂದ ಬಂಡೆ ಮರೆ. ಅವಳು ಟಂಗ್ ಅಂದಿದ್ದು, ಅಲೆ ಶುರುವಾಗೋ ಮುಂಚೆ ನಾಲಿಗೆ ಚಾಚಿದ ಹಾಗೆ ನುಣುಪಾಗಿ ಇಳಿಯೋ ನೀರು, ಚೂಪು ತುದಿ ಕೆಳಗಡೆಗೆ ಇರತ್ತೆ, ಅದೇ ದಾರಿ. ಚೂಪು ತುದಿ ನಮ್ಮ ಕಡೆಗಿದ್ರೆ ಅಲ್ಲಿ ಬಂಡೆ. ಇಷ್ಟು ಗೊತ್ತಾದ್ರೆ ಹೊಳೆ ಬರೀ ಗದ್ದಲ ಅನ್ಸಲ್ಲ, ಓದಕ್ಕೆ ಬರೋ ಅಕ್ಷರ ಥರ ಕಾಣಕ್ಕೆ ಶುರುವಾಗತ್ತೆ.

ಬಿಗ್ ಕಹೂನಾ ಅನ್ನೋ ರ‍್ಯಾಪಿಡ್ ದಾಟಿದ್ವಿ, ಎಲ್ಲರೂ ತಲೆಯಿಂದ ಕಾಲ ತನಕ ಒದ್ದೆ, ಅಕ್ಕನ ಮಗಳು ಕೂಗಿ ಕೂಗಿ ಗಂಟಲು ಹೋಗಿತ್ತು. ಅದಾಗಿ ಸ್ವಲ್ಪ ಹೊತ್ತಿಗೇ ಲಂಚ್ ಕೌಂಟರ್, ಅದೂ ರ‍್ಯಾಪಿಡ್ ಹೆಸರೇ. ಬಲಗಡೆ ಬಂಡೆ ಮೇಲೆ ಜನ ನಿಂತಿದ್ದು ಕಾಣಿಸ್ತು, ಬಿಳಿ ಪಂಚೆ ಅಲ್ಲದಿದ್ರೂ ಆ ಬಿಳಿ ಶರ್ಟು, ಮಡಚಿದ ತೋಳು, ಅಪ್ಪನೇ ಅಂತ ಗೊತ್ತಾಯ್ತು, ಪಕ್ಕದಲ್ಲಿ ಭಾವ. ಕೈ ಬೀಸೋಣ ಅನ್ಸಿತು, ಟಿ-ಹಿಡಿ ಬಿಡಬಾರ್ದು ಅಂತ ನೆನಪಾಗಿ ಸುಮ್ಮನಾದೆ. ಗೈಡ್ "ಫಾರ್ವರ್ಡ್, ಫಾರ್ವರ್ಡ್" ಅಂತ ಕೂಗ್ತಿದ್ಲು. ಮೊದಲ ಅಲೆ ನೇರ ಹತ್ತಿದ್ವಿ. ಎರಡನೇದಕ್ಕೆ ಬೋಟು ಸ್ವಲ್ಪ ಓರೆ ಆಯ್ತು, ಬಹುಶಃ ಎಡಗಡೆ ಒಂದು ಹುಟ್ಟು ನಿಂತಿರಬೇಕು, ನಾನು ಕೂತಿದ್ದ ಬಲಗಡೆ ಒಂದೇ ಸಲ ಮೇಲಕ್ಕೆ ಎದ್ದು ನನಗೆ ಆಕಾಶ ಮಾತ್ರ ಕಾಣಿಸ್ತು. "ಹೈ ಸೈಡ್!" ಅಂದ್ಲು. ನಾನು ಮೇಲಿದ್ದ ಟ್ಯೂಬ್ ತಬ್ಬಿಕೊಂಡೆ, ಬೋಟು ಧಡ್ ಅಂತ ವಾಪಸ್ ನೀರಿಗೆ ಬಿತ್ತು. ತಿರುಗಿ ನೋಡಿದ್ರೆ ಎಡಗಡೆ ಎರಡು ಜಾಗ ಖಾಲಿ. ಮುಂದೆ ಕೂತಿದ್ದ ಇವರೂ ಇಲ್ಲ, ಅವರ ಹಿಂದೆ ಕೂತಿದ್ದ ಅಕ್ಕಾನೂ ಇಲ್ಲ.

ಅಕ್ಕ ಮೂರು ಮಾರು ದೂರದಲ್ಲಿ ಮೇಲೆ ಬಂದ್ಲು. ಅವಳ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ, ಬಾಯಿ ತೆರೆದಿದೆ, ಉಸಿರು ಸಿಗ್ತಾ ಇಲ್ಲ, ಕಣ್ಣು ಅಗಲ. ಆದ್ರೆ ಆಗಲೇ ಅಂಗಾತ ಮಲಗಿದ್ಲು. ಎರಡು ಕೈಯಲ್ಲೂ ಜಾಕೆಟ್ಟಿನ ಭುಜದ ಪಟ್ಟಿ ಹಿಡ್ಕೊಂಡು, ಕಪ್ಪು ಶೂನ ಎರಡು ತುದಿ ನೀರಿನ ಮೇಲೆ ಕಾಣ್ತಾ ಇತ್ತು. ಆಮೇಲೆ ಕೇಳಿದ್ರೆ "ನಾನು ಕಾಲ್ಬೆರಳು ನೋಡ್ತಾ ಇದ್ದೆ ಕಣೇ, ಬೇರೆ ಏನೂ ನೋಡ್ಲಿಲ್ಲ" ಅಂದ್ಲು. ಗೈಡ್ ತನ್ನ ಹುಟ್ಟಿನ ಹಿಡಿ ಚಾಚಿದ್ಲು, ಅಕ್ಕ ಹಿಡ್ಕೊಂಡ್ಲು, ಬೋಟಿನ ಪಕ್ಕಕ್ಕೆ ಬಂದ್ಲು. ಎಳೆಯೋದು ತೋಳು ಹಿಡಿದಲ್ಲ, ಜಾಕೆಟ್ಟಿನ ಭುಜದ ಪಟ್ಟಿ ಹಿಡಿದು, ಒಂದ್ಸಲ ಕೆಳಕ್ಕೆ ಅದ್ದಿ ಅದೇ ಜೋರಲ್ಲಿ ಮೇಲಕ್ಕೆ, ನಾವು ಹಿಂದಕ್ಕೆ ಬೀಳಬೇಕು. ಅಕ್ಕನ ಮಗಳು ಆಗಲೇ ಟ್ಯೂಬಿಗೆ ಮಂಡಿ ಒತ್ತಿಕೊಂಡು ಅಮ್ಮನ ಪಟ್ಟಿ ಹಿಡಿದಿದ್ಲು. ನಾನು ಇನ್ನೊಂದು ಪಟ್ಟಿ ಹಿಡಿದೆ. ಮೂರು ಜನಾನೂ ಬೋಟಿನ ತಳಕ್ಕೆ ಒಬ್ಬರ ಮೇಲೊಬ್ಬರು ಬಿದ್ವಿ. ಹದಿನೈದು ವರ್ಷದ ಹುಡುಗಿ, ಅಮ್ಮನ ಮೇಲೆ ಮಲಗಿ ಅಳ್ತಾ ಇತ್ತು.

ಇವರು ಅಷ್ಟೊತ್ತಿಗೆ ದೂರ ಹೋಗಿದ್ರು. ಈಜು ಬರೋ ಮನುಷ್ಯ ನೀರಿಗೆ ಬಿದ್ರೆ ಕೈಕಾಲು ತಾನಾಗೇ ಈಜಕ್ಕೆ ಶುರು ಮಾಡತ್ತೆ, ಬೋರಲಾಗಿ ತಿರುಗಿ ದಡದ ಕಡೆ ಈಜಿದ್ರು. ಜಾಕೆಟ್ ಹಾಕ್ಕೊಂಡು, ಅಂಥ ಸೆಳವಲ್ಲಿ, ನಾಲ್ಕು ಕೈ ಹಾಕೋ ಅಷ್ಟರಲ್ಲಿ ಸುಸ್ತು. ದಡದ ಹತ್ತಿರ ನೀರು ಕಮ್ಮಿ ಆಯ್ತು ಅಂತ ಗೊತ್ತಾದ ತಕ್ಷಣ, ಸೊಂಟದುದ್ದ ಇದೆಯಲ್ಲ ಅಂತ, ನಿಂತ್ರು. ನಾನು ಬೋಟಿಂದ ನೋಡ್ತಾ ಇದ್ದೆ. ಒಂದು ಕ್ಷಣ ನಿಂತಿದ್ದು ಕಾಣಿಸ್ತು, ಮರುಕ್ಷಣ ಯಾರೋ ಬೆನ್ನ ಹಿಂದಿನಿಂದ ನೂಕಿದ ಹಾಗೆ ಮುಂದಕ್ಕೆ ಬಗ್ಗಿ ತಲೆ ನೀರೊಳಗೆ ಹೋಯ್ತು. ನಮ್ಮ ಗೈಡ್ "ಫೀಟ್ ಅಪ್! ಫೀಟ್ ಅಪ್!" ಅಂತ ಕಿರುಚಿದ್ದು ನನ್ನ ಕಿವೀಲಿ ಇನ್ನೂ ಇದೆ. ನನಗೆ ಬಾಯಿಂದ ಸ್ವರ ಹೊರಡಲಿಲ್ಲ.

ಕಾಲಿಗೆ ಹಾಕ್ಕೊಂಡಿದ್ದು ಪಟ್ಟಿ ಇರೋ ಸ್ಯಾಂಡಲ್ಲು. ಅದರ ಹಿಂದಿನ ಪಟ್ಟಿ ಕಿತ್ತುಹೋಯ್ತು. ಸ್ಯಾಂಡಲ್ ಕಲ್ಲಿಗೆ, ಕಾಲು ಇವರಿಗೆ. ಅಷ್ಟೇ ವ್ಯತ್ಯಾಸ. ತಲೆ ಮೇಲೆ ಬಂತು, ಕೆಳಗಡೆ ಕಾಯ್ತಾ ಇದ್ದ ಇನ್ನೊಂದು ಬೋಟಿನ ಗೈಡ್ ಹಗ್ಗದ ಚೀಲ ಎಸೆದ, ಹಗ್ಗ ಸರಿಯಾಗಿ ಎದೆ ಮೇಲೆ ಬಿತ್ತು, ಹಿಡ್ಕೊಂಡ್ರು. ಎಲ್ಲ ಸೇರಿ ಒಂದು ನಿಮಿಷ ಆಗಿರಬಹುದು, ಅಷ್ಟೂ ಆಗಿರಲಿಕ್ಕಿಲ್ಲ. ನನಗೆ ಬಹಳ ಹೊತ್ತು.

ಬಂಡೆ ಮೇಲಿಂದ ಅಪ್ಪ ಇದೆಲ್ಲ ನೋಡಿದ್ರು. ಭಾವ ಆಮೇಲೆ ಹೇಳಿದ್ದು, ಇಬ್ಬರು ಬಿದ್ದಾಗ ಭಾವ ಅಕ್ಕನ ಹೆಸರು ಹಿಡಿದು ಕೂಗ್ತಾ ಕೆಳಗೆ ಓಡಕ್ಕೆ ಹೋದ್ರಂತೆ, ಅಪ್ಪ ಭಾವನ ತೋಳು ಬಿಗಿಯಾಗಿ ಹಿಡಿದು ನಿಲ್ಲಿಸಿ "ಅವಳು ಸರಿಯಾಗಿ ಮಲಗಿದಾಳೆ, ಅವಳಿಗೆ ಏನಾಗಲ್ಲ. ಅಳಿಯಂದ್ರನ್ನ ನೋಡು" ಅಂದ್ರಂತೆ. ಇನ್ನೂ ಇವರು ನಿಲ್ಲೋ ಮುಂಚೆನೇ. ಈಜೋ ರೀತಿ ನೋಡೇ ಅಪ್ಪನಿಗೆ ಗೊತ್ತಾಗಿತ್ತು.

ಉಳಿದ ದಾರಿ, ರೋಪ್, ಶಾಂಪೇನ್ ಅಂತೆಲ್ಲ ರ‍್ಯಾಪಿಡ್ ಇತ್ತು, ನನಗೆ ಏನೂ ನೆನಪಿಲ್ಲ. ಎಲ್ಲರೂ ಹೇಳಿದ ತಕ್ಷಣ ಹುಟ್ಟು ಹಾಕಿದ್ವಿ, ಒಂದೇ ತಾಳದಲ್ಲಿ. ಶೀಪ್ ಗಲ್ಚ್‌ನಲ್ಲಿ ಇಳಿದಾಗ ಆರ್‌ವಿ ಆಗಲೇ ಅಲ್ಲಿ ನಿಂತಿತ್ತು. ಅಮ್ಮ ಮೇಲೆ ಗಾಡೀಲೇ ಪುಟ್ಟಿ ಜೊತೆ ಕೂತಿದ್ದವರು, ಏನಾಯ್ತು ಅಂತ ಪೂರ್ತಿ ಗೊತ್ತಿರಲಿಲ್ಲ, ನಮ್ಮ ಮುಖ ನೋಡಿ ಟವೆಲ್ ಹಿಡ್ಕೊಂಡು ಓಡಿ ಬಂದ್ರು. ಅಪ್ಪ ಇವರಿಗೆ ಒಂದು ಮಾತೂ ಬೈಯಲಿಲ್ಲ. ಒಂದು ಕಾಲಲ್ಲಿ ಸ್ಯಾಂಡಲ್ಲು, ಇನ್ನೊಂದು ಬರಿಗಾಲು, ಹಿಮ್ಮಡಿ ಮೇಲೆ ಸಿಪ್ಪೆ ಎದ್ದು ರಕ್ತ ಬರ್ತಿತ್ತು. ಅಪ್ಪ ಒಳಗೆ ಹೋಗಿ ತಮ್ಮ ಇನ್ನೊಂದು ಜೊತೆ ಚಪ್ಪಲಿ ತಂದು ಇವರ ಮುಂದೆ ಇಟ್ಟು "ಹಾಕ್ಕೊಳ್ಳಿ, ಕಲ್ಲಿದೆ" ಅಂದ್ರು. ಇವರು ಚಪ್ಪಲಿ ಹಾಕ್ಕೊಂಡವರು ಬಗ್ಗಿ ಅಪ್ಪನ ಕಾಲು ಮುಟ್ಟಿದ್ರು. ಮದುವೆ ಆದ್ಮೇಲೆ ಹಬ್ಬಕ್ಕೆ ಬಿಟ್ಟು ಬೇರೆ ಯಾವತ್ತೂ ನಾನು ಅದನ್ನ ನೋಡಿರಲಿಲ್ಲ.

ಗೈಡ್ ಹುಡುಗಿ ಎರಡು ಸಲ ಬಂದು ವಿಚಾರಿಸಿದ್ಲು, ಗಾಯ ತೊಳೆದು ಪಟ್ಟಿ ಕಟ್ಟಿದ್ಲು. ಅಕ್ಕನ್ನ ತಬ್ಬಿಕೊಂಡು "ಪರ್ಫೆಕ್ಟ್ ಸ್ವಿಮ್" ಅಂದ್ಲು. ಈಜು ಬರದ ನಮ್ಮಕ್ಕನಿಗೆ. ಟಿಪ್ಸ್ ಅಂತ ಇಲ್ಲಿ 15ರಿಂದ 20 ಪರ್ಸೆಂಟ್ ಕೊಡೋ ಪದ್ಧತಿ, ನಾವು ಅದಕ್ಕಿಂತ ಹೆಚ್ಚೇ ಕೊಟ್ವಿ, ಆ ಬೇರೆ ಬೋಟಿನ ಹುಡುಗನಿಗೂ. ಬಸ್ಸಲ್ಲಿ ಹೋಗದೆ ನಮ್ಮ ಆರ್‌ವಿಲೇ ವಾಪಸ್ ಬಂದ್ವಿ. ಆರ್‌ವಿ ವಾಟರ್ ಹೀಟರಲ್ಲಿ ಹಿಡಿಸೋದು ಆರು ಗ್ಯಾಲನ್ನು, ಇಪ್ಪತ್ತೆರಡು ಇಪ್ಪತ್ಮೂರು ಲೀಟರ್ ಅಷ್ಟೆ. ಅವತ್ತು ಅಷ್ಟೂ ಬಿಸಿನೀರು ಅಕ್ಕನಿಗೆ ಮತ್ತೆ ಇವರಿಗೆ. ರಾತ್ರಿ ಇವರು ಮಲಗಿ ಬಹಳ ಹೊತ್ತಾದ್ಮೇಲೆ "ನಾನು ಅವಳು ಹೇಳಿದ್ದು ಕೇಳಿಸ್ಕೊಂಡಿದ್ದೆ, ನನಗಲ್ಲ ಅನ್ಕೊಂಡಿದ್ದೆ" ಅಂದ್ರು.

ಮಾರನೇ ದಿನ ಫ್ಲೋಟ್ ಟ್ರಿಪ್ ಬೇಡ ಅಂತ ನಾವೆಲ್ಲ ಅಂದ್ವಿ. ಹೋಗಲೇಬೇಕು ಅಂತ ಹಟ ಹಿಡಿದಿದ್ದು ಅಕ್ಕ, ಅಪ್ಪನಿಗೋಸ್ಕರ. ಅದು ಬೇರೆಯೇ ಲೋಕ. ಅದೇ ಹೊಳೆ, ಮೇಲ್ಗಡೆ, ಗ್ರ್ಯಾಂಡ್ ಟೀಟನ್ ಪಾರ್ಕ್ ಒಳಗೆ ಡೆಡ್‌ಮನ್ಸ್ ಬಾರ್ ಅನ್ನೋ ಜಾಗದಿಂದ ಮೂಸ್ ಅನ್ನೋ ಊರಿನ ತನಕ 10 ಮೈಲಿ. ರ‍್ಯಾಪಿಡ್ ಅಂತ ಏನೂ ಇಲ್ಲ, ಗೈಡೊಬ್ಬರೇ ಮಧ್ಯೆ ಕೂತು ಎರಡು ಉದ್ದ ಹುಟ್ಟು ಹಾಕ್ತಾರೆ, ನಾವು ಸುಮ್ಮನೆ ಕೂರೋದು. ಪಕ್ಕದಲ್ಲಿ 13,775 ಅಡಿ ಎತ್ತರದ ಗ್ರ್ಯಾಂಡ್ ಟೀಟನ್ ಶಿಖರ, ಮೇಲೆ ಇನ್ನೂ ಹಿಮ. ಇವರು ಅಪ್ಪನ ಚಪ್ಪಲಿಲೇ ಬಂದಿದ್ರು. ಬಾಲ್ಡ್ ಈಗಲ್ ಅನ್ನೋ ಬಿಳಿ ತಲೆ ಹದ್ದು ಎರಡು ಕಂಡ್ವು, ದಂಡೆಲಿ ಮರಿ ಜೊತೆ ಒಂದು ಮೂಸ್, ಅಂದ್ರೆ ದೊಡ್ಡ ಜಿಂಕೆ ಜಾತಿ ಪ್ರಾಣಿ. ಅಮ್ಮ ಪೂರ್ತಿ ದಾರಿ ಅಕ್ಕನ ಕೈ ಹಿಡ್ಕೊಂಡೇ ಇದ್ರು.

ಈ ಗೈಡ್ ವಯಸ್ಸಾದವರು, ಅಪ್ಪನ ಪ್ರಶ್ನೆಗೆಲ್ಲ ನಿಧಾನವಾಗಿ ಉತ್ತರ ಹೇಳಿದ್ರು, ನಾನು ಮಧ್ಯೆ ಅನುವಾದ. ಮೇಲೆ ಜಾಕ್ಸನ್ ಲೇಕ್ ಅಣೆಕಟ್ಟು ಇದೆ, ಮೊದಲು ಮರದ ದಿಮ್ಮಿಲಿ ಕಟ್ಟಿದ್ದು 1910ರಲ್ಲಿ ಒಡೆದುಹೋಯ್ತು, ಆಮೇಲೆ ಕಾಂಕ್ರೀಟಲ್ಲಿ ಕಟ್ಟಿ 1916ರಲ್ಲಿ ಎತ್ತರಿಸಿದ್ರು, ಅಲ್ಲಿ ಕೂಡಿಡೋ ನೀರು ಐಡಾಹೋ ರೈತರದ್ದು, ಬೇಸಿಗೆಲಿ ಆಲೂಗಡ್ಡೆ ಹೊಲಕ್ಕೆ ಅಂತ ಬಿಡೋದು. ಅಪ್ಪನ ಮುಖ ನೋಡಬೇಕಿತ್ತು. "ಹಾಗಾದ್ರೆ ನಿನ್ನೆ ನೀವು ಹೋಗಿದ್ರಲ್ಲ, ಅದರಲ್ಲಿ ಗದ್ದೆಗೆ ಹೋಗೋ ನೀರೂ ಇತ್ತು" ಅಂದ್ರು. ಆ ಮಾತು ಕೇಳಿದ್ಮೇಲೆ ಯಾಕೋ ಆ ಹೊಳೆ ಮೇಲಿದ್ದ ಭಯ ನನಗೆ ಸ್ವಲ್ಪ ಇಳೀತು.

ಒಂದು ಕಡೆ ಹೊಳೆ ಎರಡಾಗಿ ಒಡೆಯತ್ತೆ. ಇಲ್ಲಿ ಪ್ರತಿ ವರ್ಷ ಹಿಮ ಕರಗಿದಾಗ ಹೊಳೆ ತನ್ನ ದಾರಿ ಬದಲಾಯಿಸತ್ತಂತೆ, ಹೋದ ವರ್ಷದ ದಾರಿ ಈ ವರ್ಷ ಇರಲ್ಲ. ಅಗಲವಾಗಿದ್ದಿದ್ದು ಬಲಗಡೆದು, ಬಿಸಿಲಿಗೆ ಫಳಫಳ ಹೊಳೀತಾ ಇತ್ತು, ನಾನಾಗಿದ್ರೆ ಅಲ್ಲೇ ಹೋಗ್ತಿದ್ದೆ. ಗೈಡ್ ಇನ್ನೂ ಹುಟ್ಟು ತಿರುಗಿಸಿರಲಿಲ್ಲ, ಅಪ್ಪ ಎಡಗೈ ಎತ್ತಿ ಎಡಗಡೆ ತೋರಿಸಿದ್ರು. ಗೈಡ್ ಅಪ್ಪನ್ನೇ ಒಂದು ಗಳಿಗೆ ನೋಡಿ ಬೋಟನ್ನ ಎಡಕ್ಕೇ ತಿರುಗಿಸಿದ್ರು, ಆಮೇಲೆ ನನ್ನ ಕೇಳಿದ್ರು, ನಿಮ್ಮ ತಂದೆಗೆ ಹೇಗೆ ಗೊತ್ತಾಯ್ತು ಅಂತ. ಅಪ್ಪ ಹೇಳಿದ್ರು, "ಬಲಗಡೆ ನೀರು ಮಿಂಚ್ತಾ ಇದೆ, ಸದ್ದು ಮಾಡ್ತಿದೆ, ಅಂದ್ರೆ ಕೆಳಗೇ ಕಲ್ಲು. ಎಡಗಡೆದು ಸುಮ್ಮನಿದೆ." ನಾನು ಇಂಗ್ಲಿಷಲ್ಲಿ ಹೇಳಿದೆ. ಆ ಮನುಷ್ಯ ಏನೂ ಹೇಳದೆ ತಲೆ ಮೇಲಿನ ಹ್ಯಾಟ್ ತೆಗೆದು ಅಪ್ಪನಿಗೆ ಸಣ್ಣಗೆ ತಲೆ ಬಗ್ಗಿಸಿದ್ರು.

ಅಪ್ಪ ಅಮ್ಮ ಆಗಸ್ಟ್ ಕೊನೇಲಿ ಊರಿಗೆ ವಾಪಸ್ ಹೋದ್ರು. ಸ್ನೇಕ್ ನದಿ ಆಲ್ಪೈನ್ ಹತ್ತಿರ ಎಷ್ಟು ಹರೀತಿದೆ ಅಂತ ಇಲ್ಲಿನ ಸರ್ಕಾರದ ಜಿಯಾಲಜಿಕಲ್ ಸರ್ವೆ ವೆಬ್‌ಸೈಟಲ್ಲಿ ದಿನಾ ನೋಡಬಹುದು, ಅದನ್ನ ಅಪ್ಪನಿಗೆ ತೋರಿಸಿದ್ದೇ ತಡ, ತಪ್ಪದೆ ಪ್ರತಿ ಭಾನುವಾರದ ಫೋನಲ್ಲಿ ಮೊದಲು ಅದೇ ಪ್ರಶ್ನೆ. ಆಮೇಲೆ ಇವರ ಕಾಲಿನ ವಿಷಯ, ಆಮೇಲೆ ಉಳಿದಿದ್ದು. ಹೋದ ವಾರ ನೋಡಿ ಹೇಳಿದೆ, ನಾಲ್ಕು ಸಾವಿರಕ್ಕೆ ಇಳಿದಿದೆ ಅಪ್ಪಾ ಅಂತ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಂದ್ರು, "ಆಲೂಗಡ್ಡೆ ಕೀಳೋ ಹೊತ್ತಾಯ್ತು ಅನ್ಸತ್ತೆ ಅವರಿಗೆ."